ನೂರಾ ಹನ್ನೆರಡನ್ನು ಬಚ್ಚಿಟ್ಟಿದ್ದ ಗುರುನಾಥ

ಬೆಳಗಿನ ಆರು ಗಂಟೆ. ಯರಗಟ್ಟಿಯಾಚೆ ಕಾಲುವೆ ದಂಡೆಯ ಮೇಲೆ ನೀರಾವರಿ ಇಲಾಖೆಯ ಒಂದೇ ಕೋಣೆಯ ವೈರ್‌ಲೆಸ್ ಠಾಣೆ. ಗುರುನಾಥ ಬಗ್ಗಿ ನೀರಿನ ಮಟ್ಟ ನೋಡಿ ಬಂದು ಸೆಟ್‌ನ ಗುಂಡಿ ಒತ್ತುತ್ತಾರೆ. "ನಾಲ್ಕು ಫೂಟು ಎರಡಿಂಚು. ಕೇಳಿಸ್ತೇನ್ರಿ? ಓವರ್." ಬೈಲಹೊಂಗಲದ ಆಪರೇಟರ್ ಅದನ್ನೇ ತಿರುಗಿ ಹೇಳುತ್ತಾರೆ. ದಿನಕ್ಕೆ ಮೂರು ಸಲದಂತೆ ಹದಿನೇಳು ವರ್ಷದಿಂದ ಇದೇ ಕೆಲಸ. ಏಳಕ್ಕೆ ಸೈಕಲ್ ಹ್ಯಾಂಡಲಿಗೆ ಬಣ್ಣದ ಡಬ್ಬಿ ತೂಗುಹಾಕಿ ಹೊರಡುತ್ತಾರೆ. ಈ ಎರಡನೆಯ ಕೆಲಸಕ್ಕೆ ಅವರನ್ನು ಯಾರೂ ನೇಮಿಸಿಲ್ಲ.

1991ರಲ್ಲಿ ಅವರು ಈ ಠಾಣೆಯ ಕೆಲಸಕ್ಕೆ ಸೇರಿದಾಗ ಸುತ್ತಲಿನ ಆರು ಹಳ್ಳಿಗೆ ಫೋನಿರಲಿಲ್ಲ. ಹಾವು ಕಚ್ಚಲಿ, ಹೆರಿಗೆ ಕಷ್ಟವಾಗಲಿ, ಜನ ಓಡಿ ಬರುತ್ತಿದ್ದದ್ದು ಇವರ ಬಾಗಿಲಿಗೆ. ಇವರ ಸುದ್ದಿ ಹಿಡಿದು ಬೈಲಹೊಂಗಲದವರು ಆಸ್ಪತ್ರೆಯಿಂದ ಗಾಡಿ ಕಳಿಸುತ್ತಿದ್ದರು. ಮದುವೆಗೆ ಹೋದರೆ ಮೊದಲ ಪಂಕ್ತಿಯ ಊಟ. "ಗುರುನಾಥಪ್ಪಾರು ಬಂದ್ರು, ಜಾಗಾ ಬಿಡ್ರಿ" ಅನ್ನುವ ಮಾತು ಕಿವಿಗೆ ಹಿತವಾಗಿತ್ತು.

2004ರಲ್ಲಿ ಯರಗಟ್ಟಿಗೆ ಟವರ್ ಬಂತು. ಅವರ ಜೊತೆಗೇ ಸಾಲಿ ಕಲಿತ ಕಿರಾಣಿ ಅಂಗಡಿಯ ಸತ್ಯಪ್ಪ ಮೊಬೈಲ್ ಮಾರತೊಡಗಿದರು. ಮೊದಲ ಪಂಕ್ತಿಯ ಜಾಗ ಮೆಲ್ಲಗೆ ಸತ್ಯಪ್ಪನ ಪಾಲಾಯಿತು. "ಒಮ್ಮೆ ನನ್ನ ಸೆಟ್ ನೋಡಿ, 'ಇನ್ನ ಇದನ್ನ ಗುಜರಿಗೆ ತೂಕಕ್ಕ ಹಾಕೋ' ಅಂದು ನಕ್ಕ. ಹೊಟ್ಟ್ಯಾಗ ಬೆಂಕಿ ಬಿತ್ತ್ರಿ. ಅವನ ಅಂಗಡಿ ಮುಂದ ಹಾಯೂದ ಬಿಟ್ಟೆ, ಸುತ್ತಹಾಕಿ ಹೋಗತಿದ್ದೆ."

ಮರುವರ್ಷ ಬೆಳಗಾವಿಯ ತರಬೇತಿಯಲ್ಲಿ ಒಂದು ಸಂಗತಿ ತಿಳಿಯಿತು. ಮೊಬೈಲಿನಲ್ಲಿ ಕರೆನ್ಸಿ ತೀರಿರಲಿ, ಸಿಮ್ ಬಂದಾಗಿರಲಿ, ತನ್ನ ಕಂಪನಿಯ ಸಿಗ್ನಲ್ಲೇ ಇಲ್ಲದಿರಲಿ, ಹತ್ತಿರ ಬೇರೆ ಯಾವುದಾದರೂ ಟವರ್ ಸಿಕ್ಕರೆ ಸಾಕು, 112 ಒತ್ತಿದರೆ ಕರೆ ಪೊಲೀಸರಿಗೆ ಹೋಗುತ್ತದೆ. ಊರಿಗೆ ಮರಳಿದ ಗುರುನಾಥ ಅದನ್ನು ಯಾರಿಗೂ ಹೇಳಲಿಲ್ಲ. "ಕರೆನ್ಸಿ ಇಲ್ಲದ ಮಂದಿಯರೆ ನನ್ನ ಬಾಗಲಕ್ಕ ಬರ್ಲಿ ಅಂತ. ಅಷ್ಟ ಉಳದಿತ್ತ್ರಿ ನನಗ."

2007ರ ಫೆಬ್ರುವರಿಯ ಒಂದು ಮಧ್ಯಾಹ್ನ ಕಾಡವ್ವ ಬರಿಗಾಲಲ್ಲಿ ಓಡಿ ಬಂದಳು. ಗಂಡ ಜಟ್ಟೆಪ್ಪನ ಕೈ ಜೋಳದ ರಾಶಿ ಮಷೀನಿಗೆ ಸಿಕ್ಕಿತ್ತು. ಹೊಲದಿಂದ ಠಾಣೆಗೆ ಮೂರು ಕಿಲೋಮೀಟರ್. "ಅಣ್ಣಾರ, ರಕ್ತ ನಿಲ್ಲವಲ್ದ್ರಿ!" ಗುರುನಾಥ ತಕ್ಷಣ ಸುದ್ದಿ ಮುಟ್ಟಿಸಿದರು, ಗಾಡಿ ಬಂತು, ಜೀವ ಉಳಿಯಿತು. ಕೈ ಮಾತ್ರ ಮೊಣಕೈ ಮೇಲಿನವರೆಗೆ ಹೋಯಿತು. ಅರ್ಧ ತಾಸು ಮೊದಲು ಬಂದಿದ್ದರೆ ಇಷ್ಟು ಹೋಗುತ್ತಿರಲಿಲ್ಲ ಎಂದರು ಡಾಕ್ಟರು.

ಆಸ್ಪತ್ರೆಯಲ್ಲಿ ಕಾಡವ್ವ ಗುರುನಾಥರ ಕಾಲು ಮುಟ್ಟಿದಳು. "ಇವರ ಕಿಸೆದಾಗ ಫೋನ್ ಇತ್ರಿ, ಕರೆನ್ಸಿ ಇರಲಿಲ್ಲ. ನೀವಿದ್ದದ್ದಕ್ಕ ಉಳದರು."

ನಾಲ್ಕನೆಯ ದಿನ ಗುರುನಾಥ ಹಾಸಿಗೆಯ ಬದಿಗೆ ಕುಳಿತು, 112ರ ಸಂಗತಿ ಮುಚ್ಚಿಟ್ಟದ್ದನ್ನು ಜಟ್ಟೆಪ್ಪನಿಗೆ ಹೇಳಿದರು. ಜಟ್ಟೆಪ್ಪ ಗೋಡೆಯ ಕಡೆ ಹೊರಳಿದ. ಆ ಕಡೆ ಮುಖ ಮಾಡಿಯೇ, "ಈಗರೆ ಮಂದಿಗೆ ಹೇಳ್ರಿ" ಅಂದ.

ಅಲ್ಲಿಂದ ಅವರು ನೇರ ಹೋದದ್ದು ಸತ್ಯಪ್ಪನ ಅಂಗಡಿಗೆ, ಮೂರು ವರ್ಷದ ಮೇಲೆ. ಮಾರುವ ಪ್ರತಿ ಫೋನಿನ ಬೆನ್ನಿಗೆ ಈ ನಂಬರಿನ ಚೀಟಿ ಅಂಟಿಸು ಎಂದರು, ತನಗಿದು ಎರಡು ವರ್ಷದಿಂದ ಗೊತ್ತಿತ್ತೆಂದೂ ಹೇಳಿದರು. "ಗೊತ್ತಿದ್ದೂ ಸುಮ್ಮನಿದ್ದಿ?" ಎಂದು ಸತ್ಯಪ್ಪ ಕೇಳಿದರು. "ನಿನ್ನ ಮ್ಯಾಲಿನ ಹೊಟ್ಟೆಕಿಚ್ಚಿಗೆ" ಎಂದರು ಗುರುನಾಥ.

ಈ ಒಂದೂವರೆ ವರ್ಷದಲ್ಲಿ ಮೂವತ್ತೊಂದು ಹಳ್ಳಿ ಸುತ್ತಿದ್ದಾರೆ. ಗಿರಣಿ, ಬಸ್‌ಸ್ಟ್ಯಾಂಡು, ಹಾಲಿನ ಡೈರಿಯ ಗೋಡೆಗಳ ಮೇಲೆ ಅವರ ಕೈಬರಹದ 112 ಇದೆ. ಓದಲು ಬಾರದವರ ಬೆರಳು ಹಿಡಿದು ಗುಂಡಿಗಳನ್ನು ತೋರಿಸುತ್ತಾರೆ. "ಚ್ಯಾಷ್ಟಿಗೆ ಒತ್ತಬ್ಯಾಡ್ರಿ ಮತ್ತ" ಎಂದು ಗದರುವುದೂ ಉಂಟು.

ಹೋದ ತಿಂಗಳು ಸಂಗೊಳ್ಳಿ ಹಾದಿಯಲ್ಲಿ ಟ್ರ್ಯಾಕ್ಟರ್ ಮಗುಚಿತು. ಕೂಲಿಯ ಶಟ್ಟೆವ್ವ ಕರೆನ್ಸಿ ಇಲ್ಲದ ಫೋನಿನಿಂದಲೇ 112 ಒತ್ತಿದಳು. ಇಪ್ಪತ್ತು ನಿಮಿಷಕ್ಕೆ ಜೀಪು ಬಂತು, ನಾಲ್ವರು ಉಳಿದರು. ಫೋನು ಸತ್ಯಪ್ಪನ ಅಂಗಡಿಯದೆಂದು ಊರವರು ಅವರಿಗೆ ಹಾರ ಹಾಕಿದರು.

"ಸುಳ್ಳ ಯಾಕ ಹೇಳ್ಲಿ, ಇನ್ನೂ ಉರಿತೈತ್ರಿ" ಎನ್ನುತ್ತಾರೆ ಗುರುನಾಥ, ಬೆರಳಿನ ಬಣ್ಣ ಒರೆಸಿಕೊಳ್ಳುತ್ತ. "ನಂಬರ್ ಕಲಿಸಿದಾವ ಇವನ ಅಂತ ಸತ್ಯಾ ನನ್ನ ಕಡೆ ಕೈ ತೋರ್ಸಾಕ ಹೊಂಟಿದ್ದ. ನಾನ ಬ್ಯಾಡಂದೆ. ಆ ಹಾರ ಹಾಕ್ಕೊಂಡು ಜಟ್ಟೆಪ್ಪನ ಮನಿ ಮುಂದ ಹೆಂಗ ಹಾದು ಹೋಗ್ಲಿ?"