ಮುಖ ನೋಡಿದವರೇ ಹಾಡಬೇಕು

ಯಾದಗಿರಿ ಸೀಮೆಯ ಹಿರೇಮಡ್ಡಿ ಊರಿನವರಿಗೆ ಪುಣೆಯಲ್ಲಿ ಸಾಯುವುದು ಏನೂ ಕಷ್ಟವಿರಲಿಲ್ಲ. ಗಾರೆ ತುಂಬಿದ ಪರಾತಿ ಹೊತ್ತು ಏಳನೇ ಮಹಡಿಯ ಹಲಗೆಯ ಮೇಲೆ ನಡೆಯುವವರಿಗೆ ಸಾವು ಕಾಲಡಿಯಲ್ಲೇ ಇರುತ್ತದೆ. ಆದರೆ ಅಲ್ಲಿ ಸತ್ತವನು ಊರಿನಲ್ಲಿಯೂ ಸತ್ತ ಅನ್ನಿಸಿಕೊಳ್ಳಬೇಕಾದರೆ ಅವ್ವಮ್ಮ ಬೇಕಾಗಿತ್ತು.

ಅವ್ವಮ್ಮ ಶರಣಮ್ಮನ ಅತ್ತೆ. ಸಾವಿರದ ಒಂಬೈನೂರ ತೊಂಬತ್ತರ ಸುಮಾರಿಗೆ ಗಂಡ ತೀರಿಕೊಂಡಾಗ ಸಣ್ಣ ಹುಡುಗನಾಗಿದ್ದ ಮಗ, ಮುಂದೆ ಶರಣಮ್ಮನ ಗಂಡನಾದ ಮನೋಹರನ ಕೈ ಹಿಡಿದುಕೊಂಡು ಪುಣೆಯ ಗಾಡಿ ಹತ್ತಿದವಳು. ಬಾಯಿ ತುಂಬ ತಂಬಾಕು, ಮಾತಿನ ತುಂಬ ಬೈಗಳು. ಮೇಸ್ತ್ರಿಗಳಿಗೆ ಅವಳೆಂದರೆ ತಲೆನೋವು, ನಾಯಿಗಳಿಗೆ ಅವಳೆಂದರೆ ರೊಟ್ಟಿ. ಊರಿನಲ್ಲಿ ಅವಳ ತವರಿನ ಹೆಂಗಸರೆಲ್ಲ ಹಾಡ್ಯಾಡಿ ಅಳುವವರು. ಹೆಣದ ಮುಂದೆ ಕೂತು, ಸತ್ತವನು ಹುಟ್ಟಿದಾಗಿನಿಂದ ಹಿಡಿದು ಕಡೆಯ ತುತ್ತಿನವರೆಗೆ ಅವನ ಬಾಳನ್ನೆಲ್ಲ ರಾಗವಾಗಿ ಹೇಳಿಕೊಂಡು ಅಳುವುದು ಅವರ ಮನೆತನದ ಕಸುಬು. ಕಸುಬೆಂದರೆ ಕಾಸು ಬರುವ ಕಸುಬಲ್ಲ. ಒಂದು ಸೇರು ಜೋಳ ಕೊಟ್ಟರೆ ಕೊಟ್ಟರು, ಇಲ್ಲದಿದ್ದರೆ ಇಲ್ಲ.

ಪುಣೆಗೆ ಬಂದ ಮೇಲೆ ಈ ಕೆಲಸಕ್ಕೆ ಬೇರೆಯೇ ರೂಪ ಬಂತು. ಹೆಣವನ್ನು ಅಷ್ಟು ದೂರ ಒಯ್ಯುವ ಅನುಕೂಲ ಯಾರಿಗಿತ್ತು? ದೇಹೂ ರೋಡಿನಾಚೆಯ ಮಸಣದಲ್ಲಿ ಮಣ್ಣು ಕೊಟ್ಟು ಮರುದಿನ ಕೆಲಸಕ್ಕೆ ಹೋಗುವುದು. ಊರಿನವರಿಗೆ ಕಿರಾಣಿ ಅಂಗಡಿಯ ಫೋನಿನಲ್ಲಿ ಸುದ್ದಿ ಹೋಗುತ್ತಿತ್ತು. ಆದರೆ ಫೋನಿನಲ್ಲಿ ಬಂದ ಸಾವನ್ನು ಹಿರೇಮಡ್ಡಿ ನಂಬುವುದನ್ನು ಬಿಟ್ಟಿತ್ತು. ಅದಕ್ಕೆ ಕಾರಣ ಲಾಲಪ್ಪ.

ಒಂದು ಸಲ ಯಾರೋ ಗಡಿಬಿಡಿಯಲ್ಲಿ ಫೋನು ಮಾಡಿ ಲಾಲಪ್ಪ ಸತ್ತನೆಂದರು. ಸತ್ತವನು ಅವನ ಅಂಗಿ ತೊಟ್ಟಿದ್ದ ಬೇರೊಬ್ಬ. ಇಲ್ಲಿ ಊರಿನಲ್ಲಿ ಲಾಲಪ್ಪನ ಹೆಂಡತಿಯ ಬಳೆ ಒಡೆದರು, ಕುಂಕುಮ ಅಳಿಸಿದರು. ವಾರ ಕಳೆಯುವಷ್ಟರಲ್ಲಿ ಲಾಲಪ್ಪ ಹೆಂಡತಿಗೊಂದು ಸೀರೆ ಹಿಡಿದುಕೊಂಡು ಬಸ್ಸಿನಿಂದ ಇಳಿದ. ಊರು ಅವನನ್ನು ನೋಡಿ ಓಡಿತು. ಮುಂದೆ ಎಷ್ಟೋ ವರ್ಷ ಅವನಿಗೆ 'ಸತ್ತ ಲಾಲಪ್ಪ' ಎಂದೇ ಹೆಸರು. ಅಂದಿನಿಂದ ಊರ ಹಿರಿಯರು ಒಂದು ಕಟ್ಟಳೆ ಮಾಡಿದರು. ಪುಣೆಯಲ್ಲಿ ಸತ್ತವನ ಮುಖವನ್ನು ಕಣ್ಣಾರೆ ನೋಡಿದವರು ಊರಿಗೆ ಬಂದು, ಅವನ ಮನೆಯ ಹೊಸ್ತಿಲ ಮುಂದೆ ಕೂತು ಹಾಡ್ಯಾಡಿ ಅಳಬೇಕು. ಅಲ್ಲಿಯವರೆಗೆ ಬಳೆ ಒಡೆಯಬಾರದು, ಹಿರಿಯರ ಅಮಾಸಿಗೆ ಎಡೆ ಇಡಬಾರದು. ಮುಖ ನೋಡದವರು ಹಾಡಿದರೆ ಬದುಕಿದ್ದವನನ್ನು ಕೊಂದ ಪಾಪ.

ಹೀಗಾಗಿ ಅವ್ವಮ್ಮ ವರ್ಷಕ್ಕೊಮ್ಮೆ, ಆ ಅಮಾವಾಸ್ಯೆಗೆ ಮುಂಚೆ, ಆ ವರ್ಷದ ಸಾವುಗಳನ್ನೆಲ್ಲ ಹೊತ್ತುಕೊಂಡು ಊರಿಗೆ ಹೋಗುತ್ತಿದ್ದಳು. ಅದಕ್ಕೆ ತಯಾರಿ ವರ್ಷವಿಡೀ ನಡೆಯುತ್ತಿತ್ತು. ಬುತ್ತಿ ಬಿಚ್ಚಿದವರ ಪಕ್ಕ ಕೂತು ಕೇಳುವಳು: ನೀ ಹುಟ್ಟಿದಾಗ ಮಳಿ ಇತ್ತೇನು? ಮೊದಲ ಸಲ ಯಾರ ಹೊಲದಾಗ ಕಳ್ಳತನ ಮಾಡೀದಿ? ಹುಡುಗರು, 'ಆಯಿ ನನ್ನ ಹಾಡು ಕಟ್ಟಾಕತ್ಯಾಳ' ಎಂದು ನಗುತ್ತಿದ್ದರು. ಒಮ್ಮೆ ಸದಾಶಿವ ಪೇಠದಲ್ಲಿ ಹಳೇ ವಾಡೆ ಮನೆಯೊಂದನ್ನು ಕೆಡವುವಾಗ ಅದರ ಮುದಿ ಯಜಮಾನಿ ರಂಗೂಬಾಯಿ ರಸ್ತೆಯಲ್ಲೇ ನಿಂತು ಕಣ್ಣೀರು ಹಾಕಿದಳಂತೆ. ಅವ್ವಮ್ಮ ಪರಾತಿ ಇಳಿಸಿ, ಅವಳ ಪಕ್ಕ ಕುಕ್ಕರಗಾಲಲ್ಲಿ ಕೂತು, ಆ ವಾಡೆಗಾಗಿ ಅಪ್ಪಟ ಕನ್ನಡದಲ್ಲಿ ಹಾಡ್ಯಾಡಿ ಅತ್ತಳು. ರಂಗೂಬಾಯಿಗೆ ಒಂದಕ್ಷರ ತಿಳಿಯಲಿಲ್ಲ. ಅತ್ತು ಮುಗಿದ ಮೇಲೆ ಇಬ್ಬರೂ ಚಹಾ ಕುಡಿದರು.

ಮಾರ್ತಾಂಡ ಅವಳಿಗೆ ಎಲ್ಲರಿಗಿಂತ ಮುದ್ದು. ಮರೆಮ್ಮನ ಒಬ್ಬನೇ ಮಗ. ಮರೆಮ್ಮ ಹಿಂದೆ ಪುಣೆಗೆ ದುಡಿಯಲು ಬಂದಿದ್ದಾಗ ಜೇಜುರಿಗೆ ಹೋಗಿ, ನಮ್ಮ ಮೈಲಾರಪ್ಪನೇ ಇಲ್ಲಿ ಖಂಡೋಬಾ ಆಗಿ ಕೂತಿದ್ದಾನೆಂದು ಹರಕೆ ಹೊತ್ತು ಹಡೆದ ಮಗ. ಅದಕ್ಕೇ ಆ ದೇವರದೇ ಹೆಸರು. ಮೀಸೆ ಚಿಗುರಿದ ಕೂಡಲೇ ಅವನೂ ಪುಣೆಗೆ ಬಂದ.

"ಆಯಿ, ನನ್ನ ಹಾಡಿನಾಗ ಒಂದು ಮೋಟಾರ್ ಸೈಕಲ್ ಸೇರಸು," ಎಂದು ಒಂದು ದಿನ ಕಾಡಿದ.

"ಇಲ್ಲದ್ದು ಹ್ಯಾಂಗ ಸೇರಸಲೋ ಬಾಡ್ಯಾ? ಹೊಸ್ತಿಲ ಮುಂದ ಸುಳ್ಳು ಹೇಳಬಾರದು. ಮೊದಲ ಗಾಡಿ ತಗೋ, ಆಮ್ಯಾಲ ಸಾಯಿ."

ಎಲ್ಲರೂ ನಕ್ಕರು. ರೊಟ್ಟಿ ಬಡಿಯುತ್ತಿದ್ದ ಶರಣಮ್ಮನೂ ನಕ್ಕಳು.

ಎರಡು ಸಾವಿರದ ಐದರ ಮಳೆಗಾಲ ಬಂತು. ಅವರ ತಗಡಿನ ಗುಡಿಸಲುಗಳು ಕಟ್ಟುತ್ತಿದ್ದ ಅಪಾರ್ಟ್‌ಮೆಂಟಿನ ಕಂಪೌಂಡ್ ಗೋಡೆಗೆ ಬೆನ್ನು ಕೊಟ್ಟುಕೊಂಡಿದ್ದವು. ಗೋಡೆಯ ಆಚೆ ಅಗೆದ ಮಣ್ಣಿನ ಗುಡ್ಡೆ. ಗೋಡೆ ಹೊಟ್ಟೆ ಉಬ್ಬಿಸಿಕೊಂಡಿದೆಯೆಂದು ಅವ್ವಮ್ಮ ಸುಪರ್‌ವೈಸರ್ ಕೃಷ್ಣಾಜಿಗೆ ಬೈದು ಬೈದು ಹೇಳಿದ್ದಳು. ಅವನು, "ಹೋ ಆಜಿ, ಬಘತೋ," ನೋಡುತ್ತೇನೆ, ಎಂದಿದ್ದ. ಅವನು ನೋಡುವ ಮೊದಲೇ ಒಂದು ಬೆಳಗಿನ ಜಾವ ಗೋಡೆ ಗುಡಿಸಲುಗಳ ಮೇಲೆ ಮಲಗಿತು. ಹಿರೇಮಡ್ಡಿಯ ಐವರು ಅಡಿಯಾದರು. ಮನೋಹರನ ಕಾಲು ಮುರಿಯಿತು. ಸಾಯುವುದರಲ್ಲಿ ಒಮ್ಮೆ ಪಳಗಿದ್ದ ಲಾಲಪ್ಪ ಈ ಸಲ ನಿಜವಾಗಿಯೇ ಸತ್ತ.

ನಾಲ್ವರ ಹೆಣ ಅಂದೇ ಸಿಕ್ಕವು. ಶರಣಮ್ಮ ಅವರ ಮುಖದ ಕೆಸರನ್ನು ತನ್ನ ಸೆರಗಿನಿಂದಲೇ ಒರೆಸಿದಳು. ಮಾರ್ತಾಂಡ ಮಾತ್ರ ಸಿಗಲಿಲ್ಲ. ಉಳಿದವರೆಲ್ಲ ನಾಲ್ವರಿಗೆ ಮಣ್ಣು ಕೊಡುತ್ತಿದ್ದಾಗ ಅವನು ಸಿಕ್ಕನೆಂದು ಸುದ್ದಿ ಬಂತು. ಪೊಲೀಸರು ನೇರವಾಗಿ ಆಸ್ಪತ್ರೆಯ ಶವಾಗಾರಕ್ಕೆ ಒಯ್ದಿದ್ದರು. ಗುರುತು ಹಿಡಿಯಲು ಅವ್ವಮ್ಮ ಕೃಷ್ಣಾಜಿಯ ಹಿಂದೆ ಹೋದಳು. ಒಳಗೆ ಹೋಗಿ ನೋಡಿದಳು, ಹೌದೆಂದು ತಲೆಯಾಡಿಸಿದಳು, ಹೊರಗೆ ಬಂದು ಮೆಟ್ಟಿಲ ಮೇಲೆ ಕೂತಳು. ಕೂತಲ್ಲೇ ಬಾಯಿ ಸೊಟ್ಟಗಾಯಿತು. ಲಕ್ವ ಹೊಡೆದಿತ್ತು. ಶರಣಮ್ಮ ಓಡಿ ಬರುವಷ್ಟರಲ್ಲಿ ಮಾರ್ತಾಂಡನನ್ನು ಬಟ್ಟೆಯಲ್ಲಿ ಬಿಗಿಯಾಗಿ ಹೊಲಿದಾಗಿತ್ತು. ಬಿಚ್ಚಿ ತೋರಿಸಿರೆಂದು ಅವಳು ಕಾಲು ಹಿಡಿದಳು. ಬಿಚ್ಚುವ ಸ್ಥಿತಿಯಲ್ಲಿಲ್ಲ ಎಂದರು. ಹೊಲಿದ ಗಂಟಿಗೇ ಮೈಲಾರಪ್ಪನ ಅರಿಸಿನ ಭಂಡಾರ ಹಚ್ಚಿ ಅವನನ್ನೂ ಮಣ್ಣು ಮಾಡಿದರು.

ಅಲ್ಲಿಂದ ಶುರುವಾಯಿತು ಶರಣಮ್ಮನ ಸಂಕಟ. ಅಮಾಸಿ ಹತ್ತಿರ ಬರುತ್ತಿತ್ತು. ಊರಿನಲ್ಲಿ ಐದು ಹೊಸ್ತಿಲುಗಳು ಕಾಯುತ್ತಿದ್ದವು. ಹಾಡಬೇಕಾದವಳ ನಾಲಿಗೆ ಬಿದ್ದಿತ್ತು. ನಾಲ್ವರ ಹಾಡನ್ನು ಶರಣಮ್ಮ ಹೇಗೋ ಹೊಂದಿಸಿಕೊಂಡಳು. ಅತ್ತೆಯ ಪಕ್ಕ ಕೂತು ರಾಗ ತೆಗೆಯುವಳು, ತಪ್ಪಿದಲ್ಲಿ ಅತ್ತೆ ಎಡಗೈಯಿಂದ ಅವಳ ತೊಡೆಗೆ ಹೊಡೆಯುವಳು. ಐದನೆಯವನ ಹೆಸರು ಎತ್ತಿದರೆ ಮುದುಕಿಯ ಗಂಟಲಿನಿಂದ "ಮಾ... ಮಾ..." ಎಂಬುದರ ಆಚೆ ಏನೂ ಬರುತ್ತಿರಲಿಲ್ಲ. ಕಣ್ಣಿನಿಂದ ನೀರು ಮಾತ್ರ ಸುರಿಯುತ್ತಿತ್ತು.

ಒಂದು ಮಧ್ಯಾಹ್ನ ಅವ್ವಮ್ಮ ಸೊಸೆಯನ್ನು ಹತ್ತಿರ ಎಳೆದು, ಎಡಗೈ ಬೆರಳಿನಿಂದ ಅವಳ ಹಣೆಯ ಮೇಲೆ ಒಂದು ಗೆರೆ ಎಳೆದಳು. ಕೆನ್ನೆಯನ್ನು ಒತ್ತಿದಳು. ಎರಡೂ ರೆಪ್ಪೆಗಳನ್ನು ಮೆಲ್ಲಗೆ ಮುಚ್ಚಿದಳು. ಮಾರ್ತಾಂಡನ ಮುಖವನ್ನು ತನ್ನ ಮುಖದ ಮೇಲೆ ಬರೆದು ತೋರಿಸುತ್ತಿದ್ದಾಳೆಂದು ಶರಣಮ್ಮನಿಗೆ ತಿಳಿಯಿತು.

"ಅತ್ತಿ, ಇಷ್ಟು ಸಾಕೇನು? ನೋಡಿದಂಗ ಆತೇನು? ನಾ ಹಾಡಬಹುದೇನು?"

ಅವ್ವಮ್ಮ ಇಲ್ಲವೆಂದು ತಲೆಯಾಡಿಸಿ ಗೋಡೆಯ ಕಡೆ ಹೊರಳಿದಳು. ಆ ಮುದುಕಿಯ ನೇಮಕ್ಕಿಷ್ಟು ಬೆಂಕಿ ಬೀಳಲಿ! ಸಾಯುವಾಗಲಾದರೂ ಒಂದು ಹೂಂ ಅಂದಿದ್ದರೆ ಯಾರ ಗಂಟು ಹೋಗುತ್ತಿತ್ತು? ಅನ್ನಲಿಲ್ಲ. ಆ ವಾರವೇ ತೀರಿಕೊಂಡಳು. ಎಲ್ಲರಿಗಾಗಿ ಹಾಡಿದವಳಿಗೆ ಶರಣಮ್ಮ ಒಬ್ಬಳೇ ಹಾಡಿದಳು. ವಾಡೆಯ ಚಹಾ ಹೇಳಿದಳು, ನಾಯಿಗಳಿಗೆ ಹಾಕಿದ ರೊಟ್ಟಿ ಹೇಳಿದಳು, ಮಧ್ಯೆ ರಾಗ ತಪ್ಪಿತು. ತೊಡೆಗೆ ಹೊಡೆಯುವವರು ಯಾರೂ ಇರಲಿಲ್ಲ.

"ಹಾಡಿಬಿಡು," ಅಂದ ಮನೋಹರ, ಅವಳು ಊರಿಗೆ ಹೊರಟಾಗ. ಅವನ ಕಾಲಿಗಿನ್ನೂ ಪ್ಲಾಸ್ಟರ್ ಇತ್ತು. "ನೀ ನೋಡಿದ್ದೋ ಬಿಟ್ಟಿದ್ದೋ ಯಾರಿಗೆ ಗೊತ್ತಾಗ್ತದ? ಮರೆಮ್ಮಗ ಒಂದು ಸಮಾಧಾನ ಆಗ್ಲಿ."

"ನನಗ ಗೊತ್ತಾಗ್ತದಲ್ಲ," ಅಂದಳು ಶರಣಮ್ಮ. ಅಂದಳೇ ಹೊರತು ಗಾಡಿಯಲ್ಲಿ ಸೊಲ್ಲಾಪುರ ದಾಟುವವರೆಗೂ ಮಾರ್ತಾಂಡನ ಹಾಡನ್ನು ಮನಸ್ಸಿನಲ್ಲಿ ಕಟ್ಟುತ್ತಲೇ ಇದ್ದಳು. ಜೇಜುರಿಯ ಹರಕೆ, ಅವ್ವನಿಗೆ ಒಯ್ಯಬೇಕೆಂದು ಟ್ರಂಕಿನಲ್ಲಿ ಇಟ್ಟಿದ್ದ ಹಸಿರು ಸೀರೆ, ಇಲ್ಲದ ಮೋಟಾರ್ ಸೈಕಲ್. ಎಲ್ಲವೂ ಇತ್ತು, ಮುಖವೊಂದು ಇರಲಿಲ್ಲ.

ಊರಿನಲ್ಲಿ ಮೊದಲು ಲಾಲಪ್ಪನ ಮನೆ. ಅವನ ಹೆಂಡತಿ ಕೈತುಂಬ ಬಳೆ ತೊಟ್ಟು ಹಸುವಿಗೆ ಮೇವು ಹಾಕುತ್ತಿದ್ದಳು. "ಹ್ವಾದ ಸಲಾನೂ ಹಿಂಗ ಫೋನ್ ಮಾಡಿದ್ರವ್ವ, ಬರ್ತಾನ ತಗೋ," ಎಂದು ನಕ್ಕಳು. ಶರಣಮ್ಮ ಹೊಸ್ತಿಲ ಮುಂದೆ ಕೂತು ಸೆರಗು ತಲೆಗೆ ಎಳೆದುಕೊಂಡಳು. "ಒಮ್ಮೆ ಸತ್ತು ಬಂದವನ, ಎರಡನೇ ಸಲ ದಾರಿ ಮರತ್ಯಾ ನನ್ನಣ್ಣಾ..." ಎನ್ನುತ್ತಲೇ ಒಳಗೆ ಮೇವಿನ ಬುಟ್ಟಿ ಬಿದ್ದ ಸದ್ದಾಯಿತು. ಹಾಡು ಮುಗಿಯುವ ಮೊದಲೇ ಬಳೆಗಳು ಒಡೆದವು. ಉಳಿದ ಮೂರು ಮನೆಗಳಲ್ಲೂ ಹೀಗೇ ಆಯಿತು. ಅವಳ ಬಾಯಿಂದ ಸಾವು ಒಂದೊಂದೇ ಮನೆ ಹೊಕ್ಕಿತು.

ಕಡೆಗೆ ಮರೆಮ್ಮನ ಮನೆ. ಮರೆಮ್ಮ ಬಾಗಿಲಲ್ಲೇ ನಿಂತಿದ್ದಳು. ಬೆಳಗಿನಿಂದ ನಾಲ್ಕು ಮನೆಯ ಅಳುವನ್ನು ಕೇಳುತ್ತ ನಿಂತಿದ್ದವಳ ಕಣ್ಣು ಬತ್ತಿ ಹೋಗಿದ್ದವು. ಶರಣಮ್ಮ ಕೂತಳು. ಸೆರಗು ಎಳೆದುಕೊಂಡಳು. ಬಾಯಿ ತೆರೆದಳು. ಆ ಕ್ಷಣಕ್ಕೆ ಅವಳು ಸುಳ್ಳು ಹಾಡಲು ಸಿದ್ಧಳಾಗಿಯೇ ಇದ್ದಳು.

ಮರೆಮ್ಮ ಮೊಣಕಾಲೂರಿ ಕೂತು ಅವಳ ಗದ್ದ ಹಿಡಿದು ಮುಖ ಮೇಲೆತ್ತಿದಳು. "ಹಾಡೂಕಿಂತ ಮೊದಲ ಒಂದ ಮಾತು ಹೇಳು ನನ್ನವ್ವ. ಅವನ ಮುಖ ನೋಡೀದಿ?"

ಸೆರಗಿನೊಳಗೆ ಹೇಳುವ ಸುಳ್ಳು ಬೇರೆ, ತಾಯಿಯ ಕಣ್ಣಿನಲ್ಲಿ ಕಣ್ಣಿಟ್ಟು ಹೇಳುವ ಸುಳ್ಳು ಬೇರೆ. ಶರಣಮ್ಮನ ಬಾಯಿಂದ ಒಂದೇ ಮಾತು ಬಂತು. "ಇಲ್ಲಬೇ."

ಮರೆಮ್ಮನ ಕೈ ಗದ್ದದಿಂದ ಜಾರಿತು. ಅವಳು ಅಳುತ್ತಾಳೆ, ಎದೆ ಬಡಿದುಕೊಳ್ಳುತ್ತಾಳೆ ಎಂದು ಕೂಡಿದವರೆಲ್ಲ ಕಾದರು. ಆ ಮುಖದಲ್ಲಿ ಮೂಡಿದ್ದು ನಗು.

"ಕೇಳೀದ್ರೇನ್ರೇ? ನೋಡಿಲ್ಲಂತ! ಲಾಲಪ್ಪನೂ ಬಂದಿದ್ದಿಲ್ಲೇನು ಅವತ್ತು? ನನ್ನ ಮಗನೂ ಬರ್ತಾನ!"

"ಹಂಗಲ್ಲಬೇ, ಅತ್ತಿ ನೋಡ್ಯಾಳ, ಆಕಿ ಗುರತು ಹಿಡದಾಳ..."

"ಆಕಿ ಬಾಯಿಲೆ ಹೇಳ್ಯಾಳೇನು?"

ಶರಣಮ್ಮ ಮಾರ್ತಾಂಡನ ಟ್ರಂಕಿನಿಂದ ತಂದ ಹಸಿರು ಸೀರೆಯನ್ನು ಮುಂದಿಟ್ಟಳು. ಮಗ ಸೀರೆ ಕಳಿಸಿದ್ದಾನೆಂದು ಮರೆಮ್ಮ ಅದನ್ನು ಬಿಚ್ಚಿ ಊರಿಗೆಲ್ಲ ತೋರಿಸಿದಳು. ಕೂಡಿದ ಹೆಂಗಸರು ಒಬ್ಬೊಬ್ಬರೇ ಮುಖ ತಿರುಗಿಸಿ ಎದ್ದುಹೋದರು. ಅಮಾಸಿಯ ದಿನ ನಾಲ್ಕು ಮನೆಗಳಲ್ಲಿ ಎಡೆ ಇಟ್ಟರು. ಐದನೆಯ ಮನೆಯಲ್ಲಿ ಮರೆಮ್ಮ ಕಡಕ್ ರೊಟ್ಟಿ ಬಡಿದು, ಶೇಂಗಾ ಚಟ್ನಿ ಕುಟ್ಟಿ, ಗಂಟು ಕಟ್ಟಿ ಶರಣಮ್ಮನ ಕೈಗಿಟ್ಟಳು. "ಪುಣೇದಾಗ ಸಿಕ್ಕಾಗ ಕೊಡು. ಹಸದಾನು."

ಗಾಡಿಯಲ್ಲಿ ಆ ಗಂಟು ಅವಳ ಮಡಿಲಲ್ಲೇ ಇತ್ತು. ವಾಡಿ ಜಂಕ್ಷನ್ ದಾಟಿದ ಮೇಲೆ ತಡೆಯಲಾಗಲಿಲ್ಲ. ಜನರಲ್ ಡಬ್ಬಿಯ ನೂಕುನುಗ್ಗಲಿನ ನಡುವೆ ಸೆರಗು ಎಳೆದುಕೊಂಡು, ಆ ರೊಟ್ಟಿಯ ಗಂಟಿಗೆ ಮುಖವಿಟ್ಟು ಮಾರ್ತಾಂಡನ ಹಾಡನ್ನು ಮೊದಲಿನಿಂದ ಕಡೆಯವರೆಗೆ ಹಾಡಿ ಅತ್ತಳು. ಒಂದು ರಾಗವೂ ತಪ್ಪಲಿಲ್ಲ. ಪಕ್ಕದ ಮರಾಠಿ ಹೆಂಗಸು ಬೆನ್ನು ಸವರಿ, "ಕೋಣ್ ಗೇಲಾ ಗ ಬಾಯಿ?" ಯಾರು ಹೋದರಮ್ಮ, ಎಂದಳು. "ಭಾವೂ," ಎಂದಳು ಶರಣಮ್ಮ, ತಮ್ಮ. ಕೇಳಬೇಕಾದವಳೊಬ್ಬಳನ್ನು ಬಿಟ್ಟು ಡಬ್ಬಿಯವರೆಲ್ಲ ಆ ಹಾಡು ಕೇಳಿದರು.

ರೊಟ್ಟಿಯನ್ನು ಅವಳು ದೇಹೂ ರೋಡಿನ ಮಸಣಕ್ಕೆ ಒಯ್ದು ಮುರಿದು ಇಟ್ಟಳು. ನಾಯಿಗಳು ತಿಂದವು.

ಮರುವರ್ಷ ಅಮಾಸಿಗೆ ಮತ್ತೆ ಹೋದಳು. ಆ ವರ್ಷದ ಸಾವುಗಳು ಬೇರೆಯವು, ಅವುಗಳ ಮುಖಗಳನ್ನು ಅವಳು ತಪ್ಪದೆ ನೋಡಿದ್ದಳು. ಮರೆಮ್ಮ ಹಸಿರು ಸೀರೆ ಉಟ್ಟು ಬಸ್ ಸ್ಟ್ಯಾಂಡಿನಲ್ಲೇ ನಿಂತಿದ್ದಳು. ಇಳಿದವರ ಮುಖಗಳನ್ನೆಲ್ಲ ಒಂದೊಂದಾಗಿ ನೋಡಿ, ಕಡೆಗೆ ಶರಣಮ್ಮನ ಕೈ ಹಿಡಿದಳು.

"ರೊಟ್ಟಿ ಮುಟ್ಟಿದುವೇನವ್ವ ಅವಗ?"

ಹೊಸ್ತಿಲ ಮುಂದೆ ಹೇಳಲಾಗದ ಸುಳ್ಳನ್ನು ಶರಣಮ್ಮ ಅಲ್ಲಿ, ಬಸ್ಸಿನ ಧೂಳಿನಲ್ಲಿ, ಆ ತಾಯಿಯ ಕಣ್ಣಿನಲ್ಲಿ ಕಣ್ಣಿಟ್ಟೇ ಹೇಳಿದಳು.

"ಮುಟ್ಟಿದುವುಬೇ. ಚಟ್ನಿ ಭಾಳ ಚಲೋ ಇತ್ತಂತ."

"ಹಂಗಾರ ಈ ಸಲ ಇನ್ನೊಂದಿಷ್ಟು ಹೆಚ್ಚಿಗಿ ಕೊಡತೀನಿ," ಅಂದಳು ಮರೆಮ್ಮ.