ಆಗದ ಮುಟ್ಟಿಗೆ ಮೂರು ದಿನ

ಮುಟ್ಟು ತಡವಾದರೆ ನಿಮ್ಮ ಮಗಳು ಅದನ್ನು ನಿಮಗೆ ಹೇಳಬಲ್ಲಳೇ?

ಖಂಡಿತ ಹೇಳುತ್ತಾಳೆ ಎಂದೇ ತೆಕ್ಕಟ್ಟೆಯ ನನ್ನ ಅಕ್ಕ ನಂಬಿದ್ದಳು. ಕಳೆದ ತಿಂಗಳು ಅವಳ ಮನೆಗೆ ಹೋದಾಗ, ಡಿಗ್ರಿ ಓದುತ್ತಿರುವ ಮಗಳು ರಮ್ಯಾ (ಹೆಸರು ಬದಲಿಸಿದ್ದೇನೆ, ಬರೆಯಲು ಅವಳ ಒಪ್ಪಿಗೆಯಿದೆ) ಹಿಂದಿನ ಜಗಲಿಯಲ್ಲಿ ಬೇರೆ ಚಾಪೆ, ಬೇರೆ ತಟ್ಟೆಯೊಂದಿಗೆ ಕೂತಿದ್ದಳು. ಮುಟ್ಟಾದವರು ಮೂರು ದಿನ ಒಳಗೆ ಬರಬಾರದೆಂಬುದು ಆ ಮನೆಯ ಕಟ್ಟಳೆ.

ನಾನು ಬೇಕೆಂದೇ ಅವಳ ಚಾಪೆಯ ಮೇಲೆ ಕೂತೆ. ಈ ಪದ್ಧತಿ ಏಕೆ ಸಲ್ಲದು ಎಂದು ಕಾಲೇಜಿನ ಚರ್ಚಾಸ್ಪರ್ಧೆಯ ಹುರುಪಿನಲ್ಲಿ ವಾದ ಆರಂಭಿಸಿದೆ. ಅವಳು ತಡೆದಳು.

“ಚಿಕ್ಕಮ್ಮ, ಸಣ್ಣಕ್ ಮಾತಾಡಿ. ನಂಗೆ ಮುಟ್ಟೇ ಆಯ್ಲಿಲ್ಲೆ. ಮೂರ್ ತಿಂಗಳಾಯ್ತ್.”

“ಮತ್ತೆ ಇಲ್ಲಿ ಎಂತಕ್ಕೆ ಕೂಕಂಡದ್ದ್ ಮಾರಾಯ್ತಿ?”

“ಕೂಕಣ್ದೇ ಇದ್ರೆ ಅಮ್ಮ ಕೇಂತ್ರ್. ಮದ್ವಿ ಆಗ್ದಿದ್ದ್ ಹೆಣ್ಣ್... ಎಂತ ತಿಳ್ಕಂತ್ರೋ!”

ಆಗದ ಮುಟ್ಟಿಗೆ ತಿಂಗಳು ತಿಂಗಳೂ ಮೂರು ದಿನ! ಬಂದರೆ ನೆರೆಮನೆಗೂ ಗೊತ್ತಾಗುತ್ತದೆ. ಬಾರದಿದ್ದರೆ ಹೆತ್ತವಳಿಗೂ ಗೊತ್ತಾಗುವುದಿಲ್ಲ. ಇಷ್ಟು ವರ್ಷ ಈ ಜಗಲಿಯ ವಿರುದ್ಧ ಬರೆದ ನನಗೂ ಇದು ಹೊಳೆದಿರಲಿಲ್ಲ.

ರಮ್ಯಾಳನ್ನು ಒಪ್ಪಿಸಿ ಅಕ್ಕನನ್ನು ಕರೆದೆ. ರಮ್ಯಾ ಎಲ್ಲವನ್ನೂ ಹೇಳಿದಳು.

“ನನ್ ಹತ್ರ ಹೇಳುಕ್ ಎಂತ ಹೆದ್ರಿಕಿ ಹೆಣೆ?”

“ನೀವ್ ಬೈತ್ರಿ ಅಂದೇಳಿ.”

ಅಕ್ಕ ತಿರುಗಿದ್ದು ನನ್ನ ಕಡೆಗೆ. “ನಿನ್ ಭಾಷಣ ಸಾಕ್. ನಾಳೆ ಡಾಕ್ಟ್ರ್ ಹತ್ರ ಹೋಪ.”

ಕುಂದಾಪುರದ ವೈದ್ಯೆ ನಮ್ಮಿಬ್ಬರನ್ನೂ ಹೊರಗೆ ಕಳಿಸಿ ರಮ್ಯಾಳೊಂದಿಗೆ ಮಾತಾಡಿದರು. ಗರ್ಭ ಪರೀಕ್ಷೆಯನ್ನೂ ಮಾಡಿಸಿದರು (ಅದು ಆರೋಪವಲ್ಲ, ಎಲ್ಲರಿಗೂ ಮಾಡುವ ಮೊದಲ ಪರೀಕ್ಷೆ). ರಕ್ತಪರೀಕ್ಷೆಯಲ್ಲಿ ತಿಳಿದದ್ದು ಥೈರಾಯ್ಡ್ ಕೊರತೆ. ಅಕ್ಕ ಸೋಮಾರಿತನವೆಂದು ಬೈಯುತ್ತಿದ್ದ ಮಗಳ ದಣಿವೂ ಅದರದ್ದೇ. ಈಗ ಮಾತ್ರೆ ಶುರುವಾಗಿದೆ.

ನಾಲ್ಕಾರು ದಿನ ತಡವಾದರೆ ಗಾಬರಿ ಬೇಡ. ಪರೀಕ್ಷೆಯ ಒತ್ತಡ, ಜ್ವರ, ನಿದ್ದೆಗೇಡು, ತೂಕದ ಏರಿಳಿತ, ಯಾವುದಾದರೂ ಕಾರಣವಾಗಬಹುದು. ಗರ್ಭದ ಸಾಧ್ಯತೆಯಿದ್ದರೆ ವಾರ ಕಳೆಯುತ್ತಲೇ ಪರೀಕ್ಷಿಸಿಕೊಳ್ಳಬೇಕು. ಜೊತೆಗೆ ಕಿಬ್ಬೊಟ್ಟೆಯಲ್ಲಿ ತೀವ್ರ ನೋವಿದ್ದರೆ ಅಂದೇ ಆಸ್ಪತ್ರೆಗೆ ಹೋಗಬೇಕು. ಮೂರು ತಿಂಗಳು ಮುಟ್ಟೇ ಆಗದಿದ್ದರೆ, ಅಥವಾ ಹದಿನೈದು ವರ್ಷ ತುಂಬಿದರೂ ಶುರುವಾಗದಿದ್ದರೆ, ವೈದ್ಯರನ್ನು ಕಾಣಲೇಬೇಕು. ಮುಖದಲ್ಲಿ ಕೂದಲು, ವಿಪರೀತ ದಣಿವು ಕಂಡರೆ ಅಷ್ಟು ಕಾಯುವುದೂ ಬೇಡ.

ಆದರೆ ಇದೆಲ್ಲ ತಿಳಿದಿದ್ದೂ ಹೇಳಿಕೊಳ್ಳಲು ಮನೆಯಲ್ಲಿ ಒಬ್ಬರೂ ಇಲ್ಲದಿದ್ದರೆ?

ಇಂದೇ ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಹೇಳಿಬಿಡಿ: “ತಡವಾದರೆ ನನಗೆ ಹೇಳು, ನಾನು ಬೈಯುವುದಿಲ್ಲ.”