ಬಣ್ಣ ಹಚ್ಚದ ಗಿಲಕಿ

ಕಾಕುವಿನ ಕೆಳತುಟಿಯ ನಡುವೆ ಸದಾ ಒಂದು ಕೆಂಪು ಚುಕ್ಕೆ ಇರುತ್ತಿತ್ತು. ಗೊಂಬೆಯ ಸೀರೆಗೆ ಅಂಚು ಬರೆಯುವಾಗ ಕುಂಚದ ತುದಿಯನ್ನು ತುಟಿಯಲ್ಲೇ ಚೂಪು ಮಾಡುವ ರೂಢಿ ಅವಳದು. ಗೋಕಾಕದಲ್ಲಿ ನಮ್ಮ ಬಾಜೂ ಮನೆ. ಸಂಬಂಧವಿಲ್ಲದಿದ್ದರೂ ಓಣಿಯ ಮಕ್ಕಳಿಗೆಲ್ಲ ಅವಳು ಕಾಕು, ಅಂದರೆ ಚಿಕ್ಕಮ್ಮ. ಗಂಡ ಹಗುರ ಕಟ್ಟಿಗೆಯಲ್ಲಿ ಗಿಳಿ, ಕೂಸು ಆಡಿಸುವ ಗಿಲಕಿ ಕೆತ್ತಿಕೊಟ್ಟರೆ ಬಣ್ಣದ ಕೆಲಸ ಇವಳದು.

ಸಿಂಧೂರದ ಕೆಂಪನ್ನು ಮನೆಯೊಳಗೇ, ಬಾಗಿಲು ಮುಚ್ಚಿಕೊಂಡು ಅರೆಯುತ್ತಿದ್ದಳು. ಹೊರಗೆ ಕೂತರೆ ಪುಡಿ ಗಾಳಿಗೆ ಹಾರಿಹೋದೀತೆಂಬ ಅಂಜಿಕೆ. ಕಲ್ಲಿನ ಪಕ್ಕದಲ್ಲೇ ತೊಟ್ಟಿಲು. ಅದರ ಹಗ್ಗ ಕಾಲ ಹೆಬ್ಬೆರಳಿಗೆ. ಕೈ ಅರೆಯುತ್ತಿದ್ದಂತೆ ಕಾಲು ತೂಗುತ್ತಿತ್ತು. ಮಗನಿಗೆ ಹಲ್ಲು ಬರುವಾಗ ಎಲ್ಲಕ್ಕಿಂತ ಕೆಂಪಾದ ಗಿಲಕಿಯನ್ನೇ ಕಚ್ಚಲು ಕೊಟ್ಟಳು. ಚೀಪಿ ಚೀಪಿ ಬಣ್ಣ ಮಾಸಿದರೆ ಮತ್ತೊಂದು ಕೈ ಹಚ್ಚಿ ಕೊಡುತ್ತಿದ್ದಳು.

“ಬಣ್ಣದವರ ಮಗಾ ಬೋಳ ಗಿಲಕಿ ಹಿಡಿಬೇಕೇನು?” ಎಂದು ನಗುತ್ತಿದ್ದಳು.

ಹುಡುಗ ವರ್ಷಕ್ಕೆ ನಡೆದ. ಆಗ ಎಂಟು ವರ್ಷದವಳಾಗಿದ್ದ ನನ್ನನ್ನು ‘ಅಕ್ಕಾ’ ಎಂದು ಕರೆದ. ಎರಡು ತುಂಬುವಷ್ಟರಲ್ಲಿ ಆ ಮಾತು ಹೋಯಿತು. ಹೊಟ್ಟೆ ಹಿಡಿದುಕೊಂಡು ಅಳುವನು. ಗೋಡೆ ಹಿಡಿದರೂ ನಿಲ್ಲಲಾರದಾದ. ದೃಷ್ಟಿ ಎಂದು ನಮ್ಮವ್ವ ಉಪ್ಪು ಮೆಣಸಿನಕಾಯಿ ನಿವಾಳಿಸಿದಳು. ಕಾಕು ತಾಯಿತ ಕಟ್ಟಿದಳು. ಆ ದಾರಕ್ಕೂ ಅದೇ ಕೆಂಪು ಅಂಟಿತು.

ಮೊಮ್ಮಗನಿಗೆ ಗಿಳಿ ಒಯ್ಯಲು ಹುಕ್ಕೇರಿಯಿಂದ ಬಂದಿದ್ದ ವೈದ್ಯರೊಬ್ಬರು ಹುಡುಗನ ತುಟಿ ಎತ್ತಿ ನೋಡಿದರು. ಒಸಡಿನ ಅಂಚಿಗೆ ನೀಲಿ ಗೆರೆ. ಆಮೇಲೆ ಕಲ್ಲು, ತೊಟ್ಟಿಲು, ಗಿಲಕಿ, ಕೊನೆಗೆ ಅವಳ ತುಟಿ ನೋಡಿದರು.

“ಸಿಂಧೂರ ಅಂದ್ರ ಸುಟ್ಟ ಸೀಸ ಐತಿ ತಂಗಿ. ನಿನ್ನ ಮೈ ಒಂದಿಷ್ಟ ತಾಳೀತು. ಕೂಸಿನ ಮೈ ತಾಳೂದಿಲ್ಲ.”

ಕಾಕು ಮಗನ ಕೈಯಿಂದ ಗಿಲಕಿ ಬಿಡಿಸಿಕೊಂಡಳು. “ಕೈಯಾರೆ ಹಚ್ಚಿ ಹಚ್ಚಿ ಕೊಟ್ಟೇನಲ್ರಿ” ಎಂದಳು.

ಅಂದೇ ತೊಟ್ಟಿಲನ್ನು ನಮ್ಮ ಪಡಸಾಲೆಗೆ ತಂದರು. ವೈದ್ಯರ ಔಷಧವೂ ನಡೆಯಿತು. ಹೊತ್ತು ಮೀರಿತ್ತು; ಮಳೆಗಾಲ ಮುಗಿಯುವ ಮೊದಲೇ ಹುಡುಗ ಹೋದ.

ಆಮೇಲೆ ಅವಳು ಅರೆದದ್ದು ಹಿತ್ತಲ ಬೇಲಿಯಾಚೆ, ಮೂಗಿಗೆ ಸೆರಗು ಕಟ್ಟಿಕೊಂಡು. ಓಣಿಯ ಮಕ್ಕಳು ಅತ್ತ ಸುಳಿದರೆ ಬೈದು ಓಡಿಸುತ್ತಿದ್ದಳು. ಮಗ ಹೋದ ಮೇಲೆ ಇವಳಿಗೆ ಪರರ ಮಕ್ಕಳನ್ನು ಕಂಡರಾಗದು ಎಂದು ಹೆಂಗಸರು ಆಡಿಕೊಂಡರು. ಗಿಲಕಿಗೆ ಮಾತ್ರ ಅವಳು ಮತ್ತೆ ಬಣ್ಣ ಮುಟ್ಟಿಸಲಿಲ್ಲ. ಬೋಳು ಗಿಲಕಿ ಯಾರು ಒಯ್ಯುತ್ತಾರೆ ಎಂದು ಸಂತೆಯಲ್ಲಿ ನಕ್ಕರು. ಒಯ್ದವರು ಕಡಿಮೆಯೇ.

ನನ್ನನ್ನು ಮೂಡಲಗಿಗೆ ಕೊಟ್ಟರು. ಚೊಚ್ಚಲ ಮಗಳನ್ನು ಎತ್ತಿಕೊಂಡು ತವರಿಗೆ ಹೋದಾಗ ಕಾಕು ನಮ್ಮ ಬಾಗಿಲಲ್ಲೇ ನಿಂತಳು. ಒಳಗೆ ಬರಲಿಲ್ಲ. ಬಾವಿಗೆ ಹೋಗಿ ಕೈ ತೊಳೆದು, ತುಟಿ ತಿಕ್ಕಿ ಒರೆಸಿಕೊಂಡು ಬಂದು, ಆಮೇಲೆ ಕೂಸನ್ನು ಎತ್ತಿಕೊಂಡಳು. ಅದರ ಮುಷ್ಟಿಗೆ ಬಿಳಿ ಕಟ್ಟಿಗೆಯ ಗಿಲಕಿ ಇಟ್ಟಳು.

“ಕಚ್ಚಲಿ ಬಿಡವಾ. ಇದರಾಗ ನನ್ನ ಕೈ ಇಲ್ಲ.”

ಮಗಳ ಹಿಂದೆ ಮಗನೂ ಅದನ್ನೇ ಕಚ್ಚಿ ಬೆಳೆದ. ಒಂದು ಮುಂಜಾನೆ ನಾನು ರೊಟ್ಟಿ ಬಡಿಯುತ್ತಿದ್ದಾಗ, ಅವನು ಮಗಳತ್ತ ಗಿಲಕಿ ಚಾಚಿ ‘ಅಕ್ಕಾ’ ಎಂದ. ಹಂಚಿನ ಮೇಲಿನ ರೊಟ್ಟಿ ಸೀದುಹೋಯಿತು. ಗೋಕಾಕಕ್ಕೆ ಹೋಗಿ ಹೇಳೋಣವೆಂದರೆ, ಕಾಕು ತೀರಿಕೊಂಡು ಆಗಲೇ ತಿಂಗಳಾಗಿತ್ತು.